ಪೆಟ್ಟಿಗೆ ಹೇಳಿದ್ದೆಷ್ಟು, ತನಿಖೆ ಹೇಳಿಸಿದ್ದೆಷ್ಟು

(ಧಾರವಾಡದಲ್ಲಿ ಒಂದು ಶನಿವಾರ ಸಂಜೆ ವಿದ್ಯಾರ್ಥಿಗಳು ಮತ್ತು ಆಸಕ್ತ ನಾಗರಿಕರ ಮುಂದೆ ಮಾಡಿದ ಉಪನ್ಯಾಸವಿದು. ಬರಹಕ್ಕಿಳಿಸುವಾಗ ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನು ಅವು ಸೇರಬೇಕಾದ ಜಾಗದಲ್ಲಿ ಸೇರಿಸಿದ್ದೇನೆ.)

2015ರ ಮಾರ್ಚ್ 8ರ ಸಂಜೆ, ಮಳೆಯ ನಡುವೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಿಳಿದ ವಿಮಾನವೊಂದು ಗೋಕುಲ ರಸ್ತೆಯ ನಿಲ್ದಾಣದಲ್ಲಿ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿದು ನಿಂತಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಮರುದಿನ ಹುಬ್ಬಳ್ಳಿಯ ನಮ್ಮ ಸೋದರಮಾವನಿಂದ ಫೋನು ಬಂತು. ವಿಮಾನಗಳ ಉಪಕರಣ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನೆಂಬ ಕಾರಣಕ್ಕೆ ನಮ್ಮ ಬಳಗದಲ್ಲಿ ಇಂಥ ಸುದ್ದಿಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಮಾವ ಕೇಳಿದ ಮೊದಲ ಪ್ರಶ್ನೆ, "ಬ್ಲ್ಯಾಕ್ ಬಾಕ್ಸ್ ಸಿಕ್ತೇನಪಾ?" ಎಂಬುದಾಗಿತ್ತು. ವಿಮಾನ ಇಡಿಯಾಗಿ ಕಣ್ಣೆದುರೇ ನಿಂತಿತ್ತು. ಪೆಟ್ಟಿಗೆ ತನ್ನ ಜಾಗದಲ್ಲಿ ಬಿಗಿದದ್ದು ಬಿಗಿದಂತೆಯೇ ಇತ್ತು. ಹುಡುಕುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆದರೂ ಆ ಪ್ರಶ್ನೆಯನ್ನು ನಾನು ಮರೆತಿಲ್ಲ, ಏಕೆಂದರೆ ಪೆಟ್ಟಿಗೆ ಸಿಕ್ಕರೆ ಉತ್ತರವೂ ಸಿಕ್ಕಂತೆ ಎಂಬ ನಂಬಿಕೆ ಅದರ ಬೆನ್ನಿಗಿದೆ. ಆ ಅಪಘಾತದ ವಿಚಾರಣೆಯಲ್ಲಿ ಮುಖ್ಯವಾಗಿ ಬಂದ ಸಂಗತಿಯೆಂದರೆ, ಗಾಲಿಗಳು ನೆಲ ಮುಟ್ಟಿದ ಮೇಲೆ ಮಳೆಯಲ್ಲಿ ಹೊರಗಿನ ಗುರುತುಗಳು ಪೈಲಟ್‌ಗಳ ಕಣ್ಣಿಗೆ ಕಾಣದಾದದ್ದು. ವಿಮಾನದ ಮೂತಿ ಯಾವ ಕ್ಷಣದಲ್ಲಿ ಎಷ್ಟು ಡಿಗ್ರಿ ತಿರುಗಿತು ಎಂಬುದನ್ನು ಪೆಟ್ಟಿಗೆ ಹೇಳಬಲ್ಲದು. ಮಳೆ ಹೊಡೆಯುತ್ತಿದ್ದ ಗಾಜಿನಾಚೆ ಕಣ್ಣಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬ ಅಳತೆ ಯಾವ ಪೆಟ್ಟಿಗೆಯಲ್ಲೂ ದಾಖಲಾಗುವುದಿಲ್ಲ.

ನಾನು ಈ ಸಂಜೆ ಹೇಳಬೇಕೆಂದಿರುವುದು ಇಷ್ಟೇ. ರೆಕಾರ್ಡರ್ ಎಂಬುದು ಏನಾಯಿತು, ಯಾವುದರ ಹಿಂದೆ ಯಾವುದು ಬಂತು ಎಂಬುದನ್ನು ಬಹಳ ನಿಖರವಾಗಿ ಹೇಳುವ ಸಾಕ್ಷಿ. ಯಾಕೆ ಎಂಬುದನ್ನು ಮಾತ್ರ ತಾನಾಗಿ ಹೇಳುವುದಿಲ್ಲ, ಅದನ್ನು ಹೇಳಿಸಬೇಕಾಗುತ್ತದೆ, ಮತ್ತು ಹೇಳಿಸುವ ಆ ಕೆಲಸವೇ ತನಿಖೆ.

ಕಪ್ಪು ಪೆಟ್ಟಿಗೆ ಕಪ್ಪಾಗಿರುವುದಿಲ್ಲ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಅವಶೇಷಗಳ ರಾಶಿಯಲ್ಲಿ ಬೇಗ ಕಣ್ಣಿಗೆ ಬೀಳಲಿ ಎಂದು ಅದಕ್ಕೆ ಹೊಳೆಯುವ ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ವಿಮಾನವೊಂದರಲ್ಲಿ ಇಂಥವು ಎರಡು ಇರುತ್ತವೆ. ಫ್ಲೈಟ್ ಡೇಟಾ ರೆಕಾರ್ಡರ್ ವೇಗ, ಎತ್ತರ, ದಿಕ್ಕು, ಇಂಜಿನ್‌ಗಳ ಸ್ಥಿತಿ, ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳ ಸ್ಥಾನ ಇತ್ಯಾದಿಗಳನ್ನು ಕೊನೆಯ 25 ಗಂಟೆಗಳಷ್ಟು ಕಾಲ ಉಳಿಸಿಕೊಳ್ಳುತ್ತದೆ. ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಪೈಲಟ್‌ಗಳ ಮಾತನ್ನೂ ಕಾಕ್‌ಪಿಟ್‌ನ ಒಟ್ಟು ಸದ್ದನ್ನೂ ನಾಲ್ಕು ಪ್ರತ್ಯೇಕ ಚಾನೆಲ್‌ಗಳಲ್ಲಿ ಹಿಡಿಯುತ್ತದೆ. ಮೊದಲು ಅದರ ಅವಧಿ ಕೇವಲ 30 ನಿಮಿಷವಿತ್ತು, ಆಮೇಲೆ ಎರಡು ಗಂಟೆಯಾಯಿತು, ಈಗ ಹೊಸ ದೊಡ್ಡ ವಿಮಾನಗಳಲ್ಲಿ 25 ಗಂಟೆಗೆ ಏರುತ್ತಿದೆ. ಬೋಯಿಂಗ್ 787ರಂಥ ವಿಮಾನಗಳಲ್ಲಿ ಎರಡೂ ಕೆಲಸ ಮಾಡುವ ಒಂದೇ ಬಗೆಯ ಎರಡು ಪೆಟ್ಟಿಗೆಗಳನ್ನು, ಒಂದನ್ನು ಮುಂದೆ ಮತ್ತೊಂದನ್ನು ಹಿಂದೆ, ಇಟ್ಟಿರುತ್ತಾರೆ.

ನಿಜಕ್ಕೂ ಉಳಿಯಬೇಕಾದದ್ದು ಇಡೀ ಪೆಟ್ಟಿಗೆಯಲ್ಲ, ಅದರೊಳಗಿನ ಮೆಮೊರಿ ಚಿಪ್‌ಗಳು ಮಾತ್ರ. ಅವುಗಳ ಸುತ್ತ ಶಾಖ ತಡೆಯುವ ಪದರ, ಅದರ ಮೇಲೆ ಉಕ್ಕಿನ ಅಥವಾ ಟೈಟಾನಿಯಂನ ದಪ್ಪ ಕವಚ. ಭೂಮಿಯ ಗುರುತ್ವದ 3,400 ಪಟ್ಟು ಆಘಾತವನ್ನು 6.5 ಮಿಲಿಸೆಕೆಂಡು, 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯನ್ನು ಒಂದು ಗಂಟೆ, 260 ಡಿಗ್ರಿಯ ಕಾವನ್ನು ಹತ್ತು ಗಂಟೆ, ಸುಮಾರು 6,000 ಮೀಟರ್ ಆಳದ ಸಮುದ್ರದ ಒತ್ತಡವನ್ನು ಒಂದು ತಿಂಗಳು ಅದು ತಾಳಬೇಕು ಎಂಬುದು ನಿಯಮ. ಅಷ್ಟು ಗಟ್ಟಿಯಿದ್ದರೆ ವಿಮಾನವನ್ನೇ ಯಾಕೆ ಹಾಗೆ ಕಟ್ಟುವುದಿಲ್ಲ ಎಂದು ಒಬ್ಬ ಹುಡುಗ ಕೇಳಿದ. ಕಟ್ಟಿದರೆ ಅದು ನೆಲ ಬಿಟ್ಟು ಏಳುವುದಿಲ್ಲ. ಅಲ್ಲದೆ ಅಷ್ಟು ಗಟ್ಟಿ ಡಬ್ಬಿಯ ಒಳಗೆ ಕುಳಿತವನ ಮೈಗೆ ತಗಲುವ ಆಘಾತವೇನೂ ಕಡಿಮೆಯಾಗುವುದಿಲ್ಲ.

ಇಂಥದೊಂದು ಉಪಕರಣ ಬೇಕು ಎಂಬ ಒತ್ತಾಯ ಹುಟ್ಟಿದ್ದಕ್ಕೂ ನಮ್ಮ ದೇಶದಲ್ಲಿ ನಡೆದ ಒಂದು ಅಪಘಾತಕ್ಕೂ ಸಂಬಂಧವಿದೆ. 1952ರ ಮೇ 2ರಂದು ಕಾಮೆಟ್ ಎಂಬ ಮೊದಲ ಜೆಟ್ ಪ್ರಯಾಣಿಕ ವಿಮಾನ ಸೇವೆಗೆ ಬಂತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಒಂದು ಕಾಮೆಟ್ ಕಲ್ಕತ್ತೆಯ ದಮ್‌ದಮ್‌ನಿಂದ ಏರಿದ ಸ್ವಲ್ಪ ಹೊತ್ತಿನಲ್ಲೇ ಬಿರುಗಾಳಿಯಲ್ಲಿ ಮುರಿದು ಬಿತ್ತು. ಅದರಲ್ಲಿದ್ದ 43 ಜನರೂ ತೀರಿಕೊಂಡರು. 1954ರಲ್ಲಿ ಮತ್ತೆರಡು ಕಾಮೆಟ್‌ಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದವು. ಆ ಯಾವ ವಿಮಾನದಲ್ಲೂ ರೆಕಾರ್ಡರ್ ಇರಲಿಲ್ಲ. ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಏರಿಳಿಯುವಂತೆಯೇ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ, ಕಿಟಕಿಯಂಥ ತೆರಪಿನ ಮೂಲೆಯಲ್ಲಿ ಲೋಹ ದಣಿದು ಬಿರಿಯುತ್ತದೆ ಎಂಬುದನ್ನು ಕಂಡುಹಿಡಿಯಬೇಕಾಯಿತು.

ಆ ಚರ್ಚೆಗಳಲ್ಲಿ ಪಾಲ್ಗೊಂಡವರಲ್ಲಿ ಮೆಲ್ಬರ್ನ್‌ನ ವೈಮಾನಿಕ ಸಂಶೋಧನಾಲಯದ ಡೇವಿಡ್ ವಾರೆನ್ ಒಬ್ಬರು. ಅವರ ತಂದೆ 1934ರ ಒಂದು ವಿಮಾನ ಅಪಘಾತದಲ್ಲಿಯೇ ತೀರಿಕೊಂಡಿದ್ದರು. ವಾರೆನ್ ಒಂದು ಪ್ರದರ್ಶನದಲ್ಲಿ ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕ ಧ್ವನಿಮುದ್ರಕವನ್ನು ಕಂಡಿದ್ದರು. ಅಂಥದೊಂದು ಆ ಕಾಕ್‌ಪಿಟ್‌ನಲ್ಲಿ ಇದ್ದಿದ್ದರೆ ಎಂಬ ಆಲೋಚನೆ ಅವರನ್ನು ಬಿಡಲಿಲ್ಲ. ಅವರು ಮಾಡಿದ ಮೊದಲ ಮಾದರಿ ಉಕ್ಕಿನ ತಂತಿಯ ಮೇಲೆ ನಾಲ್ಕು ಗಂಟೆಯ ಮಾತನ್ನೂ ಎಂಟು ಉಪಕರಣಗಳ ಅಳತೆಯನ್ನೂ ದಾಖಲಿಸುತ್ತಿತ್ತು. ಅವರ ದೇಶದಲ್ಲಿ ಮೊದಲು ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಪೈಲಟ್‌ಗಳಂತೂ ಕದ್ದು ಕೇಳುವ ಯಂತ್ರವೆಂದೇ ವಿರೋಧಿಸಿದರು. ಆ ಅನುಮಾನ ಸುಳ್ಳೂ ಅಲ್ಲ, ಪೂರ್ತಿ ಹೋಗಿಯೂ ಇಲ್ಲ. 1960ರಲ್ಲಿ ಕ್ವೀನ್ಸ್‌ಲ್ಯಾಂಡಿನ ಮೆಕೈ ಬಳಿ 29 ಜನ ಸತ್ತ ಅಪಘಾತದ ಕಾರಣ ತಿಳಿಯದೆ ಹೋದಾಗ, ವಿಚಾರಣೆ ನಡೆಸಿದ ನ್ಯಾಯಾಧೀಶರು ರೆಕಾರ್ಡರ್ ಬೇಕೆಂದು ಶಿಫಾರಸು ಮಾಡಿದರು. ಧ್ವನಿಮುದ್ರಕವನ್ನು ಕಡ್ಡಾಯ ಮಾಡಿದ ಮೊದಲ ದೇಶ ಆಸ್ಟ್ರೇಲಿಯವೇ ಆಯಿತು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೆ ಬಗೆಯ ಯಂತ್ರ ಬಳಕೆಗೆ ಬಂದಿತ್ತು: ಲೋಹದ ತೆಳು ಹಾಳೆಯ ಮೇಲೆ ಸೂಜಿಗಳು ವೇಗ, ಎತ್ತರ, ದಿಕ್ಕು, ಮೇಲೆ-ಕೆಳಗಿನ ಕುಲುಕಾಟಗಳನ್ನು ಗೀರುತ್ತಿದ್ದವು. ಇದನ್ನು ಹೇಳುವಾಗ ಮುಂದಿನ ಸಾಲಿನಲ್ಲಿದ್ದ ನಿವೃತ್ತ ರೈಲ್ವೆ ಡ್ರೈವರ್ ಒಬ್ಬರು, "ನಮ್ಮ ಇಂಜಿನ್ನಿನಾಗೂ ಸ್ಪೀಡ್ ಬರಕೊಳ್ಳೂ ಕಾಗದ ಇರತಿತ್ತರಿ, ಏನರೆ ಆದ್ರ ಸಾಹೇಬರು ಮೊದಲ ಅದನ್ನ ಹರಕೊಂಡು ಹೋಗ್ತಿದ್ರು" ಎಂದರು. ಧಾರವಾಡದ ಸಭಿಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕೊಡಲಾರೆ.

ಈಗ ನಮ್ಮ ರಾಜ್ಯದ ಒಂದು ಅಪಘಾತವನ್ನು ಸ್ವಲ್ಪ ಬಿಡಿಸಿ ನೋಡೋಣ. 1990ರ ಫೆಬ್ರವರಿ 14ರ ಮಧ್ಯಾಹ್ನ, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಆಕಾಶ ನಿಚ್ಚಳವಾಗಿತ್ತು, ಇಂಜಿನ್‌ಗಳಲ್ಲಿ ದೋಷವಿರಲಿಲ್ಲ, ವಿಮಾನ ಹೊಚ್ಚ ಹೊಸದು. ಆದರೂ ಅದು ರನ್‌ವೇಗಿಂತ ಹಿಂದೆ, ಗಾಲ್ಫ್ ಮೈದಾನದ ಅಂಚಿನಲ್ಲಿ ನೆಲ ಮುಟ್ಟಿ, ಮುಂದಿನ ದಿಬ್ಬಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು.

ಎರಡೂ ರೆಕಾರ್ಡರ್‌ಗಳು ಸಿಕ್ಕವು, ಓದಲೂ ಬಂದವು. ಅವು ಹೇಳಿದ್ದು ಸ್ಪಷ್ಟವಾಗಿತ್ತು. ಕೊನೆಯ ಹಂತದಲ್ಲಿ ವಿಮಾನ ವೇಗವನ್ನು ಇಂಜಿನ್ನಿನಿಂದ ಕಾಯ್ದುಕೊಳ್ಳುವ ಸ್ಥಿತಿಯಲ್ಲಿ ಇರಬೇಕಿತ್ತು. ಅದರ ಬದಲು ಇಂಜಿನ್‌ಗಳನ್ನು ಐಡಲ್‌ಗೆ, ಅಂದರೆ ಕನಿಷ್ಠ ಮಟ್ಟಕ್ಕೆ ಇಳಿಸಿ ಕೆಳಗಿಳಿಯುತ್ತಾ ಹೋಗುವ ಬೇರೊಂದು ಸ್ಥಿತಿಯಲ್ಲಿತ್ತು. ಇರಬೇಕಾದ ವೇಗ 132 ನಾಟ್. ಅದು ಇಳಿಯುತ್ತ ಇಳಿಯುತ್ತ 106ರ ಆಸುಪಾಸಿಗೆ ಬಂತು. ನೆಲದ ಎತ್ತರವನ್ನು ಯಂತ್ರದ ದನಿ 400, 300, 200 ಎಂದು ಕೂಗಿ ಹೇಳುತ್ತಿದ್ದುದೂ ದಾಖಲಾಗಿತ್ತು. ಇಂಜಿನ್ನಿನ ಬಲ ಏರಿಸುವ ಥ್ರಾಟಲ್‌ಗಳನ್ನು ಪೂರ್ತಿ ಮುಂದೆ ತಳ್ಳಿದ್ದು ಕೊನೆಯ ಕೆಲವು ಸೆಕೆಂಡುಗಳಲ್ಲಿ. ಐಡಲ್‌ನಲ್ಲಿದ್ದ ಜೆಟ್ ಇಂಜಿನ್ನು ಬೈಕಿನಂತೆ ತಕ್ಷಣ ಎಗರುವುದಿಲ್ಲ, ಪೂರ್ಣ ಬಲಕ್ಕೆ ಬರಲು ಅದಕ್ಕೆ ಹಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಅಲ್ಲಿ ಉಳಿದಿರಲಿಲ್ಲ.

ವಿಮಾನ ಆ ಐಡಲ್ ಸ್ಥಿತಿಗೆ ಹೋದದ್ದು ಯಾಕೆ? ನಿಮಿಷಕ್ಕೆ 700 ಅಡಿಯಂತೆ ಇಳಿಯಬೇಕೆಂದು ಒಂದು ಗುಂಡಿಯನ್ನು ತಿರುಗಿಸುವ ಬದಲು, ಅದರ ಪಕ್ಕದಲ್ಲೇ ಇರುವ ಎತ್ತರದ ಗುಂಡಿಯಲ್ಲಿ 700 ಅಡಿ ಎಂದು ಕೊಟ್ಟಿರಬಹುದು ಎಂಬ ವಾದ ಬಂತು. ನನಗೂ ಅದು ನಂಬಲರ್ಹವಾಗಿಯೇ ಕಾಣುತ್ತದೆ. ಆದರೆ ಯಾವ ಗುಂಡಿಯ ಮೇಲೆ ಬೆರಳಿತ್ತು ಎಂಬುದಕ್ಕೆ ಸಾಕ್ಷಿಯಾಗುವ ಅಳತೆ ಸಿಗಲಿಲ್ಲ. ಐಡಲ್ ಸ್ಥಿತಿಯಲ್ಲಿದ್ದೇವೆಂದು ತಿಳಿದ ಮೇಲೂ ಥ್ರಾಟಲ್ ತಳ್ಳಲು ತಡವಾದದ್ದೇ ಅಪಘಾತದ ಸಂಭವನೀಯ ಕಾರಣ ಎಂದ ವಿಚಾರಣಾ ವರದಿ, ವಿಮಾನ ಆ ಸ್ಥಿತಿಗೆ ಹೋದದ್ದು ಹೇಗೆ ಎಂಬುದನ್ನು ಗುರುತಿಸಲು ಸಾಧ್ಯವಿಲ್ಲವೆಂದು ಒಪ್ಪಿಕೊಂಡಿತು. ಎರಡು ರೆಕಾರ್ಡರ್‌ಗಳೂ ಕೈಯಲ್ಲಿದ್ದು ಹೀಗೆ ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ಪತ್ರಿಕೆಯವರಿಗೆ ಹಿಡಿಸದ ಈ ಪ್ರಾಮಾಣಿಕತೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ.

ದಾಖಲಾಗದ ಒಂದು ಅಳತೆಗಾಗಿ ತನಿಖೆ ವರ್ಷಗಟ್ಟಲೆ ಎಳೆದ ಉದಾಹರಣೆ ಅಮೆರಿಕದ್ದು. 1991ರ ಮಾರ್ಚ್ 3ರಂದು ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಇಳಿಯುತ್ತಿದ್ದ ಬೋಯಿಂಗ್ 737 ಒಂದು ಹಠಾತ್ತನೆ ಹೊರಳಿ ನೆಲಕ್ಕೆ ಬಿತ್ತು. 25 ಜನ ಸತ್ತರು. ಅದರ ಡೇಟಾ ರೆಕಾರ್ಡರ್‌ನಲ್ಲಿದ್ದದ್ದು ಐದೇ ಅಳತೆ. 1994ರ ಸೆಪ್ಟೆಂಬರ್ 8ರಂದು ಪಿಟ್ಸ್‌ಬರ್ಗ್ ಬಳಿ ಮತ್ತೊಂದು 737 ಹಾಗೆಯೇ ಹೊರಳಿ 132 ಜನ ಸತ್ತರು. ಈ ರೆಕಾರ್ಡರ್‌ನಲ್ಲಿ 13 ಅಳತೆಗಳಿದ್ದವು. ಆದರೆ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ರಡ್ಡರ್ ಯಾವ ಕ್ಷಣದಲ್ಲಿ ಎತ್ತ ತಿರುಗಿತ್ತು, ಪೈಲಟ್ ಯಾವ ಪೆಡಲ್ ಒತ್ತಿದ್ದ ಎಂಬೆರಡು ಅದರಲ್ಲಿ ಇರಲಿಲ್ಲ, ಮತ್ತು ಬೇಕಾಗಿದ್ದದ್ದು ಆ ಎರಡೇ. ಪೈಲಟ್ ತಪ್ಪು ಪೆಡಲ್ ಒತ್ತಿದನೋ, ಅವನು ಒತ್ತಿದ್ದಕ್ಕೆ ರಡ್ಡರ್ ಉಲ್ಟಾ ತಿರುಗಿತೋ? ವಿಮಾನ ಹೊರಳಿದ ಬಗೆಯಿಂದ ರಡ್ಡರ್‌ನ ಚಲನೆಯನ್ನು ಹಿಂದಕ್ಕೆ ಲೆಕ್ಕ ಹಾಕಬೇಕಾಯಿತು; ಧ್ವನಿಮುದ್ರಣದಲ್ಲಿ ಪೈಲಟ್‌ಗಳು ಉಸಿರು ಬಿಗಿಹಿಡಿದು ತಿಣುಕಿದ ಸದ್ದನ್ನು ಕೂಡ ಬಲ ಹಾಕಿದ ಗುರುತಾಗಿ ಪರಿಶೀಲಿಸಬೇಕಾಯಿತು. 1996ರಲ್ಲಿ ಇನ್ನೊಂದು 737ರಲ್ಲಿ ಇದೇ ರೀತಿಯ ತೊಡಕು ಬಂದು, ವಿಮಾನ ಕ್ಷೇಮವಾಗಿ ಇಳಿದು, ಅದರ ಪೈಲಟ್‌ಗಳು ತಮ್ಮ ಕಾಲಿಗೆ ಆದ ಅನುಭವವನ್ನು ಬಾಯಿಬಿಟ್ಟು ಹೇಳಿದ್ದು ತನಿಖೆಗೆ ದೊಡ್ಡ ಆಸರೆಯಾಯಿತು. ರಡ್ಡರ್ ನಡೆಸುವ ಕವಾಟವೊಂದು ಸಿಕ್ಕಿಕೊಂಡು ಉಲ್ಟಾ ಕೆಲಸ ಮಾಡಿದ್ದೇ ಅತ್ಯಂತ ಸಂಭವನೀಯ ಎಂಬ ತೀರ್ಮಾನ ಬಂದದ್ದು 1999ರಲ್ಲಿ. ಆ ನಡುವೆ ಅಮೆರಿಕದಲ್ಲಿ ನಿಯಮ ಬದಲಾಗಿ, ಹೊಸ ವಿಮಾನಗಳಲ್ಲಿ 88 ಅಳತೆಗಳು ಕಡ್ಡಾಯವಾದವು. ಇಂದಿನ ವಿಮಾನಗಳು ಸಾವಿರಕ್ಕೂ ಮಿಕ್ಕಿ ದಾಖಲಿಸುತ್ತವೆ.

ಇನ್ನು ಸದ್ದಿನ ವಿಷಯ. ಕಿವಿಯ ಸೂಕ್ಷ್ಮವನ್ನು ಧಾರವಾಡದವರಿಗೆ ವಿವರಿಸಬೇಕಾಗಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಟೇಪಿನ ಕಾಲದಲ್ಲಿ ಒಂದು ತೊಂದರೆಯಿತ್ತು: ಮುದ್ರಿಸಿಕೊಂಡಾಗ ಟೇಪು ಎಷ್ಟು ವೇಗದಲ್ಲಿ ಓಡಿತ್ತೋ ಕೇಳುವಾಗಲೂ ಅಷ್ಟೇ ವೇಗದಲ್ಲಿ ಓಡದಿದ್ದರೆ ಎಲ್ಲ ಸ್ವರಗಳೂ ಏರಿ ಅಥವಾ ಇಳಿದು ಲೆಕ್ಕ ತಪ್ಪುತ್ತದೆ. ವಿಮಾನದ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 400 ಆವರ್ತನದ್ದು, ಅದರ ಸಣ್ಣ ಗುಂಯ್‌ಗುಡುವಿಕೆ ಎಲ್ಲ ಧ್ವನಿಮುದ್ರಣಗಳೊಳಗೂ ನುಸುಳಿರುತ್ತದೆ. ತಜ್ಞರು ಆ ಗುಂಯ್ ಸರಿಯಾಗಿ 400ರಲ್ಲಿ ಕೂರುವವರೆಗೆ ಟೇಪಿನ ವೇಗವನ್ನು ಹೊಂದಿಸುತ್ತಿದ್ದರು. ತಂಬೂರಿಯನ್ನು ಶ್ರುತಿಗೆ ಕೂಡಿಸಿದ ಮೇಲೆ ಹಾಡು ಎತ್ತಿಕೊಳ್ಳುವಂತೆ, ಆ ಷಡ್ಜ ನಿಂತ ಮೇಲೆಯೇ ಉಳಿದ ಸ್ವರಗಳಿಗೆ ಅರ್ಥ.

ಆಮೇಲೆ ಇಂಜಿನ್ನಿನ ಸ್ವರವನ್ನು ಹಿಡಿಯಬಹುದು. ಇಂಜಿನ್ನಿನ ಮುಂದಿನ ಫ್ಯಾನಿಗೆ 36 ಅಲಗುಗಳಿವೆ ಎನ್ನೋಣ. ಸದ್ದಿನಲ್ಲಿ 2,160 ಆವರ್ತನದ ಒಂದು ಸ್ವರ ಕಂಡಿತು ಎನ್ನೋಣ. ಭಾಗಿಸಿದರೆ ಫ್ಯಾನು ಸೆಕೆಂಡಿಗೆ 60 ಸುತ್ತು, ನಿಮಿಷಕ್ಕೆ 3,600 ಸುತ್ತು ತಿರುಗುತ್ತಿತ್ತು ಎಂದಾಯಿತು. ಡೇಟಾ ರೆಕಾರ್ಡರ್ ಸುಟ್ಟುಹೋಗಿದ್ದರೂ ಇಂಜಿನ್ನು ನಡೆಯುತ್ತಿತ್ತೋ ನಿಂತಿತ್ತೋ ಎಂಬುದನ್ನು ಮೈಕ್ ಹೀಗೆ ಹೇಳಬಲ್ಲದು. ಗಾಲಿ ಇಳಿಸುವ ಹಿಡಿಕೆ, ಫ್ಲ್ಯಾಪಿನ ಹಿಡಿಕೆ, ಸ್ವಿಚ್ಚು ಒಂದೊಂದರ ಟಕ್ ಎಂಬ ಸದ್ದೂ ಬೇರೆ ಬೇರೆ. ಅನುಮಾನ ಬಂದರೆ ಅದೇ ಮಾದರಿಯ ವಿಮಾನದಲ್ಲಿ ಕುಳಿತು ಆ ಸ್ವಿಚ್ಚುಗಳನ್ನು ಒತ್ತಿ ಮುದ್ರಿಸಿಕೊಂಡು ಹೋಲಿಸುತ್ತಾರೆ.

ಆದರೆ ಒಂದೇ ಸದ್ದನ್ನು ಇಬ್ಬರು ಪಂಡಿತರು ಎರಡು ಬಗೆಯಾಗಿ ಕೇಳುವುದೂ ಉಂಟು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ಐರ್ಲೆಂಡಿನ ಬಳಿ ಸಮುದ್ರಕ್ಕೆ ಬಿದ್ದು 329 ಜನ ಸತ್ತಾಗ, ಎರಡು ಕಿಲೋಮೀಟರ್ ಆಳದಿಂದ ರೆಕಾರ್ಡರ್‌ಗಳನ್ನು ಮೂರು ವಾರದೊಳಗೆ ಎತ್ತಿ ಮುಂಬಯಿಗೆ ತಂದು, ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಓದಲಾಯಿತು. ಎರಡೂ ಒಂದೇ ಕ್ಷಣದಲ್ಲಿ ನಿಂತಿದ್ದವು. ಧ್ವನಿಮುದ್ರಣದ ಕೊನೆಯಲ್ಲಿ ಒಂದು ದೊಡ್ಡ ಸದ್ದಿತ್ತು. ಭಾರತದ ತಜ್ಞರು ಅದನ್ನು ಸ್ಫೋಟವೆಂದು ಓದಿದರು. ಬ್ರಿಟನ್ನಿನ ತಜ್ಞರು ಅದರಲ್ಲಿ ಸ್ಫೋಟಕದ ಗುರುತು ಕಾಣುವುದಿಲ್ಲವೆಂದರು. ನ್ಯಾಯಮೂರ್ತಿ ಕೃಪಾಲ್ ಅವರ ವಿಚಾರಣೆ ಮುಂಭಾಗದ ಸರಕಿನ ಕೋಣೆಯಲ್ಲಿ ಬಾಂಬ್ ಸಿಡಿಯಿತೆಂಬ ತೀರ್ಮಾನಕ್ಕೆ ಬಂದದ್ದು, ಸಮುದ್ರದ ತಳದಲ್ಲಿದ್ದ ಅವಶೇಷಗಳನ್ನೂ ಇತರ ಸಾಕ್ಷ್ಯಗಳನ್ನೂ ಜೊತೆಗೂಡಿಸಿ ನೋಡಿದ ಮೇಲೆ.

ಜೊತೆಗೂಡಿಸುವುದು ಎಂದೆ, ಅದರ ಒಂದು ಸಣ್ಣ ಕಸುಬನ್ನು ಹೇಳುತ್ತೇನೆ. ಡೇಟಾ ರೆಕಾರ್ಡರ್‌ಗೆ ತನ್ನದೇ ಕಾಲ, ಧ್ವನಿಮುದ್ರಕಕ್ಕೆ ತನ್ನದೇ ಕಾಲ, ನೆಲದ ಮೇಲಿನ ನಿಯಂತ್ರಣ ಗೋಪುರದ ಮುದ್ರಣಕ್ಕೆ ಮೂರನೆಯದು. ಮೂರನ್ನೂ ಒಂದೇ ಗಡಿಯಾರಕ್ಕೆ ತರದಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಯೇ ಕುಸಿದುಬೀಳುತ್ತದೆ. ಪೈಲಟ್ ಗೋಪುರದೊಂದಿಗೆ ಮಾತಾಡಲು ರೇಡಿಯೊ ಗುಂಡಿ ಒತ್ತಿದಾಗ, ಒತ್ತಿದ ಎಂಬ ಗುರುತು ಡೇಟಾ ರೆಕಾರ್ಡರ್‌ನಲ್ಲಿ ಬೀಳುತ್ತದೆ. ಅದೇ ಮಾತು ಧ್ವನಿಮುದ್ರಕದಲ್ಲೂ ಗೋಪುರದ ಮುದ್ರಣದಲ್ಲೂ ಕೇಳಿಸುತ್ತದೆ. ಒಂದು ಒತ್ತು ನಾಲ್ಕು ಸೆಕೆಂಡು, ಆಮೇಲೆ ಹನ್ನೊಂದು ಸೆಕೆಂಡು ಮೌನ, ಮತ್ತೊಂದು ಒತ್ತು ಎರಡು ಸೆಕೆಂಡು ಎಂಬಂಥ ವಿನ್ಯಾಸವನ್ನು ಮೂರರಲ್ಲೂ ಹುಡುಕಿ, ಒಂದರ ಮೇಲೊಂದು ಇಟ್ಟು, ತಾಳ ಕೂಡುವವರೆಗೆ ಸರಿಸುತ್ತಾರೆ. ಇಷ್ಟಾದರೂ ಅಳತೆಗಳು ಎಡೆಬಿಡದೆ ಬರುವ ಧಾರೆಯಲ್ಲ. ಕೆಲವನ್ನು ಸೆಕೆಂಡಿಗೆ ಒಂದು ಸಲ ಮಾತ್ರ, ಕೆಲವನ್ನು ಹಲವು ಸಲ ತೆಗೆದುಕೊಳ್ಳಲಾಗುತ್ತದೆ. ಎರಡು ಅಳತೆಗಳ ನಡುವಿನ ಸಂದಿಯಲ್ಲಿ ನಡೆದದ್ದನ್ನು ಊಹೆಯಿಂದಲೇ ತುಂಬಬೇಕು.

ಮಂಗಳೂರಿನ ಅಪಘಾತವನ್ನು ನೀವೆಲ್ಲ ಬಲ್ಲಿರಿ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯ ತುದಿ ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರು. ಎಂಟು ಜನ ಉಳಿದರು. 8,033 ಅಡಿ ರನ್‌ವೇಯಲ್ಲಿ ವಿಮಾನ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತ್ತು. ಧ್ವನಿಮುದ್ರಣದ ಬಹುಭಾಗದಲ್ಲಿ ಕ್ಯಾಪ್ಟನ್ನರ ಮಾತೇ ಇರಲಿಲ್ಲ. ಗೊರಕೆಯಂಥ ದೀರ್ಘ ಉಸಿರಿನ ಸದ್ದಿತ್ತು. ಸಹಪೈಲಟ್ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದ್ದೂ ಅದರಲ್ಲಿತ್ತು. ಗೊರಕೆಯ ಸುದ್ದಿ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದು, ಸತ್ತ ಮನುಷ್ಯನೊಬ್ಬ ನಗೆಪಾಟಲಾದ. ತನಿಖೆಗೆ ಬೇಕಾಗಿದ್ದದ್ದು ಬೇರೆ: ರಾತ್ರಿಯಿಡೀ ಹಾರುವವರಿಗೆ ನಿದ್ದೆಯ ಮಂಪರು ಎಷ್ಟು ಹೊತ್ತು ಬುದ್ಧಿಯನ್ನು ಮಸುಕಾಗಿಡುತ್ತದೆ, ಸಹಪೈಲಟ್ ಬರೀ ಹೇಳುವುದನ್ನು ಬಿಟ್ಟು ತಾನೇ ಕೈಹಾಕುವ ಧೈರ್ಯ ಯಾಕೆ ಮಾಡಲಿಲ್ಲ ಎಂಬಂಥವು. ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ಒಪ್ಪಂದದ 13ನೆಯ ಅನುಬಂಧ, ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎನ್ನುತ್ತದೆ. ಧ್ವನಿಮುದ್ರಣವನ್ನು ಸಾರ್ವಜನಿಕವಾಗಿ ಕೇಳಿಸದಿರುವುದು ಅದೇ ಕಾರಣಕ್ಕೆ. ಸಭೆಯಲ್ಲೊಬ್ಬ ತಾಯಿ, "ಸತ್ತವರ ಮನಿಯವರಿಗರೆ ಕೇಳಸ್ತಾರೇನ್ರಿ?" ಎಂದು ಕೇಳಿದರು. ಸಾಮಾನ್ಯವಾಗಿ ಇಲ್ಲ. ತನಿಖೆಗೆ ಅಗತ್ಯವಿದ್ದಷ್ಟು ಮಾತುಗಳು ಮಾತ್ರ ವರದಿಯಲ್ಲಿ ಬರಹವಾಗಿ ಬರುತ್ತವೆ.

ಇದೇ ಎಚ್ಚರ 2025ರ ಜೂನ್ 12ರ ಅಹಮದಾಬಾದ್ ಅಪಘಾತಕ್ಕೂ ಸಲ್ಲಬೇಕು. ಏರ್ ಇಂಡಿಯಾದ ಆ ಬೋಯಿಂಗ್ 787ರ ಹಿಂದಿನ ರೆಕಾರ್ಡರ್ ಬೆಂಕಿಯಲ್ಲಿ ಹಾಳಾಗಿತ್ತು. ಮುಂದಿನದನ್ನು ದೆಹಲಿಯ ಪ್ರಯೋಗಾಲಯದಲ್ಲಿ ಓದಿದಾಗ ಸುಮಾರು 49 ಗಂಟೆಯ ದತ್ತಾಂಶವೂ ಎರಡು ಗಂಟೆಯ ಧ್ವನಿಯೂ ಸಿಕ್ಕವು. ಜುಲೈಯ ಪ್ರಾಥಮಿಕ ವರದಿಯ ಪ್ರಕಾರ, ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಇಂಜಿನ್‌ಗಳ ಇಂಧನ ಸ್ವಿಚ್ಚುಗಳು ಒಂದು ಸೆಕೆಂಡಿನ ಅಂತರದಲ್ಲಿ ಒಂದರ ಹಿಂದೊಂದು ಬಂದ್ ಸ್ಥಾನಕ್ಕೆ ಹೋದವು; ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಲಿಲ್ಲ ಎಂದು ಇನ್ನೊಬ್ಬರು ಹೇಳಿದರು; ಸುಮಾರು ಹತ್ತು ಸೆಕೆಂಡಿನ ಮೇಲೆ ಮೊದಲನೆಯ ಸ್ವಿಚ್ಚು, ಮತ್ತೆ ನಾಲ್ಕು ಸೆಕೆಂಡಿಗೆ ಎರಡನೆಯದು, ಪುನಃ ಚಾಲೂ ಸ್ಥಾನಕ್ಕೆ ಬಂದವು. ಯಾರು ಕೇಳಿದರು, ಯಾರು ಉತ್ತರಿಸಿದರು ಎಂದು ಆ ವರದಿ ಹೇಳಲಿಲ್ಲ. ಇಷ್ಟನ್ನೇ ಇಟ್ಟುಕೊಂಡು ಮರುದಿನವೇ ಚಹಾದಂಗಡಿಯಿಂದ ಟಿವಿ ಚಾನೆಲ್ಲಿನವರೆಗೆ ತೀರ್ಪು ಬರೆದವರನ್ನು ನಾವೆಲ್ಲ ನೋಡಿದ್ದೇವೆ. ಸ್ವಿಚ್ಚು ಯಾವ ಕ್ಷಣದಲ್ಲಿ ಯಾವ ಸ್ಥಾನಕ್ಕೆ ಹೋಯಿತು ಎಂಬುದು ದಾಖಲೆ. ಅದರ ಹಿಂದಿನ ಯಾಕೆ ಎಂಬುದು ಬೇರೆಯೇ ಮಾತು.

ಪೆಟ್ಟಿಗೆಯೇ ಮೌನವಾದ ಸಂದರ್ಭಗಳೂ ಇವೆ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದಲ್ಲಿ ಜೆಜು ಏರ್ ವಿಮಾನ ಅಪಘಾತವಾಗಿ 179 ಜನ ಸತ್ತಾಗ, ಕೊನೆಯ ನಾಲ್ಕು ನಿಮಿಷಗಳ ದಾಖಲೆ ಎರಡೂ ಪೆಟ್ಟಿಗೆಗಳಲ್ಲಿ ಇರಲಿಲ್ಲ. ಅದೇ ವರ್ಷದ ಜನವರಿ 5ರಂದು ಅಮೆರಿಕದಲ್ಲಿ ಅಲಾಸ್ಕಾ ಏರ್‌ಲೈನ್ಸ್ ವಿಮಾನದ ಬಾಗಿಲಿನ ತೆರಪನ್ನು ಮುಚ್ಚಿದ್ದ ಹಲಗೆ ಆಕಾಶದಲ್ಲೇ ಕಳಚಿದಾಗ ವಿಮಾನ ಕ್ಷೇಮವಾಗಿ ಇಳಿಯಿತು. ಆದರೆ ಇಳಿದ ಮೇಲೆ ಧ್ವನಿಮುದ್ರಕವನ್ನು ನಿಲ್ಲಿಸುವುದು ತಡವಾಗಿ, ಎರಡು ಗಂಟೆಯ ಹಳೆಯ ಮುದ್ರಣದ ಮೇಲೆ ಹೊಸದು ಬರೆದುಕೊಂಡು ಎಲ್ಲವೂ ಅಳಿಸಿಹೋಯಿತು. 25 ಗಂಟೆಯ ಧ್ವನಿಮುದ್ರಕ ಬೇಕೆಂಬ ವಾದಕ್ಕೆ ಇದಕ್ಕಿಂತ ಪುರಾವೆ ಬೇಡ.

ಎಲ್ಲವನ್ನೂ ಉಪಗ್ರಹದ ಮೂಲಕ ನೇರ ನೆಲಕ್ಕೆ ಕಳಿಸಿಬಿಡಬಹುದಲ್ಲ ಎಂಬುದು ಕಂಪ್ಯೂಟರ್ ಓದುವ ಹುಡುಗರ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಅದು ಈಗಾಗಲೇ ನಡೆದಿದೆ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ 228 ಜನ ಸತ್ತಾಗ, ವಿಮಾನ ತಾನಾಗಿ ಕಳಿಸಿದ 24 ಸಂದೇಶಗಳು ಪ್ಯಾರಿಸಿಗೆ ತಲುಪಿದ್ದವು. ವೇಗದ ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದು ಅವುಗಳಿಂದ ಅಂದೇ ಗೊತ್ತಾಗಿತ್ತು. ವೇಗ ಅಳೆಯುವ ಪಿಟೋ ನಳಿಕೆಗಳಿಗೆ ಹಿಮ ಕಟ್ಟಿರಬೇಕೆಂಬ ಅನುಮಾನವೂ ಬಂದಿತ್ತು. ಆದರೆ ನಳಿಕೆಗೆ ಹಿಮ ಕಟ್ಟಿದ ಮಾತ್ರಕ್ಕೆ ವಿಮಾನ ಬೀಳಬಾರದು. ಎರಡು ವರ್ಷದ ಮೇಲೆ, 2011ರ ಮೇ ತಿಂಗಳಲ್ಲಿ, ಸುಮಾರು 3,900 ಮೀಟರ್ ಆಳದಿಂದ ಎರಡೂ ರೆಕಾರ್ಡರ್ ಮೇಲೆ ಬಂದವು. ನಡುವೆ ವಿಮಾನ ರೆಕ್ಕೆಯ ಬಲ ಕಳೆದುಕೊಂಡು ಬೀಳುತ್ತಿದ್ದಾಗಲೂ ಮೂತಿಯನ್ನು ಮೇಲಕ್ಕೆತ್ತುವ ಕಡೆಗೇ ಹಿಡಿಕೆಯನ್ನು ಎಳೆದಿದ್ದದ್ದು ಆಗ ಗೊತ್ತಾಯಿತು. ಆ ಹುಡುಕಾಟ ಅಷ್ಟು ಎಳೆದದ್ದರಿಂದಲೇ ನೀರಿನಡಿಯಲ್ಲಿ ಸೆಕೆಂಡಿಗೊಮ್ಮೆ ಮಿಡಿಯುವ ಸಂಕೇತಕದ ಆಯುಷ್ಯ 30 ದಿನದಿಂದ 90 ದಿನಕ್ಕೆ ಏರಿತು. ನೀರಿನಿಂದ ತೆಗೆದ ಪೆಟ್ಟಿಗೆಯನ್ನು ಒಣಗಿಸಬಾರದೆಂಬುದು ಹಲವರಿಗೆ ವಿಚಿತ್ರವೆನಿಸುತ್ತದೆ; ಗಾಳಿ ತಗಲಿದರೆ ಉಪ್ಪು ಲೋಹವನ್ನು ಬೇಗ ತಿನ್ನುವುದರಿಂದ, ಪ್ರಯೋಗಾಲಯ ಮುಟ್ಟುವವರೆಗೆ ಅದನ್ನು ನೀರಿನಲ್ಲಿ ಮುಳುಗಿಸಿಯೇ ಒಯ್ಯುತ್ತಾರೆ.

ಕೊನೆಗೊಬ್ಬರು ನನ್ನ ಸ್ವಂತ ಅನುಭವವನ್ನು ಕೇಳಿದರು. ದೊಡ್ಡ ಅಪಘಾತಗಳ ತನಿಖೆಯಲ್ಲಿ ನಾನು ಭಾಗವಹಿಸಿದವನಲ್ಲ. ನನ್ನ ಕೆಲಸ ಅದಕ್ಕಿಂತ ಬಹಳ ಮೊದಲಿನದು. ರೆಕಾರ್ಡರ್ ಸರಿಯಾಗಿ ಬರೆಯುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಅದರೊಳಗಿನ ದತ್ತಾಂಶವನ್ನು ತೆಗೆದು, ಒಂದೊಂದೇ ಅಳತೆಯನ್ನು ಗೆರೆಯಾಗಿ ಬಿಡಿಸಿ ನೋಡಬೇಕು. ನಾನು ಆಗ ಇದ್ದ ಹ್ಯಾಂಗರಿನಲ್ಲಿ ಒಂದು ವಿಮಾನದ ಗೆರೆಗಳನ್ನು ನೋಡುತ್ತಿದ್ದಾಗ, ರಡ್ಡರ್‌ನ ಗೆರೆ ಅಡ್ಡಪಟ್ಟಿ ಇಟ್ಟು ಎಳೆದಂತೆ ನೇರವಾಗಿತ್ತು. ಮೊದಲ ನೋಟಕ್ಕೆ ಅದು ಶಾಂತವಾದ ಹಾರಾಟದ ಗೆರೆಯಂತೆಯೇ ಕಾಣುತ್ತದೆ. ಆದರೆ ಪ್ರತಿ ಹಾರಾಟಕ್ಕೂ ಮೊದಲು ಪೈಲಟ್‌ಗಳು ಎರಡೂ ಪೆಡಲ್‌ಗಳನ್ನು ಪೂರ್ತಿ ಒತ್ತಿ ರಡ್ಡರ್ ಪರೀಕ್ಷೆ ಮಾಡಿಯೇ ಹೊರಡುತ್ತಾರೆ, ಆಗ ಗೆರೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಗುಡ್ಡ ಏಳಲೇಬೇಕು. ಗುಡ್ಡ ಒಂದೂ ಇರಲಿಲ್ಲ. ಹಿಂದಿನ ಹಾರಾಟ ನೋಡಿದೆ, ಅದರ ಹಿಂದಿನದು ನೋಡಿದೆ, ಎಲ್ಲವೂ ಹಾಗೆಯೇ. ರಡ್ಡರ್ ಚೆನ್ನಾಗಿ ತಿರುಗುತ್ತಿತ್ತು, ಪೆಟ್ಟಿಗೆ ಚೆನ್ನಾಗಿತ್ತು. ನಡುವೆ ಬಾಲದ ಇಕ್ಕಟ್ಟಿನಲ್ಲಿದ್ದ ಕನೆಕ್ಟರ್ ಒಂದರ ಪಿನ್ನು ಬಗ್ಗಿ, ಅಳತೆಯು ಪೆಟ್ಟಿಗೆಯವರೆಗೆ ತಲುಪುತ್ತಲೇ ಇರಲಿಲ್ಲ. ಪಿನ್ನು ಬದಲಾಯಿಸಿದ ಮೇಲೆ ನನ್ನ ಜೊತೆಗಾರ ಕಾಕ್‌ಪಿಟ್‌ನಲ್ಲಿ ಕುಳಿತ. ನಾನು ಲ್ಯಾಪ್‌ಟಾಪ್ ಮುಂದೆ ಕುಳಿತು ಎಡಕ್ಕೆ ಎಂದು ಕೂಗಿದೆ, ಅಂಕಿ ಏರಿತು. ಬಲಕ್ಕೆ ಎಂದೆ, ಸೊನ್ನೆ ದಾಟಿ ಆ ಕಡೆಗೆ ಇಳಿಯಿತು. ಇನ್ನೊಂದು ಸಲ ಒತ್ತಿಸಿ ನೋಡಿ, ಕೆಲಸದ ಪುಸ್ತಕದಲ್ಲಿ ಸಹಿ ಹಾಕಿ, ಮುಚ್ಚಳದ ಸ್ಕ್ರೂಗಳನ್ನು ಬಿಗಿದೆವು.